ನಾನು ತೋರಿಸಿದ ದಾರಿ

ಅವರಿಬ್ಬರು ಬಂದಾಗ ಹತ್ತು ಗಂಟೆಗೆ ಐದು ನಿಮಿಷ ಇತ್ತು. ಹೊತ್ತನ್ನು ಆಮೇಲೆ ಪೊಲೀಸರಿಗೂ ಹೇಳಿದೆ. ಅವರು ಬರೆದುಕೊಳ್ಳಲಿಲ್ಲ.

ಇಸ್ತಾಂಬುಲ್‌ನ ಸುಲ್ತಾನಹ್ಮೆತ್ ಚೌಕದಿಂದ ಸಮುದ್ರದ ಕಡೆಗೆ ಇಳಿಯುವ ಓಣಿಯಲ್ಲಿ ನನ್ನದು ಸೂಟ್‌ಕೇಸ್ ರಿಪೇರಿ ಅಂಗಡಿ. ಚಕ್ರ, ಹಿಡಿ, ಜಿಪ್ಪು, ಇಷ್ಟೇ ಕೆಲಸ. ಇಲ್ಲಿ ಕೂತು ಮೂವತ್ತೊಂದು ವರ್ಷವಾಯಿತು. ಬಂದವರು ಗಂಡ ಹೆಂಡತಿ, ಇಬ್ಬರಿಗೂ ಎಪ್ಪತ್ತರ ಆಸುಪಾಸು. ಜನವರಿಯ ಚಳಿಗೆ ಆಕೆ ಹಸಿರು ಉಣ್ಣೆಯ ಟೋಪಿ ಹಾಕಿದ್ದಳು. ಆತ ಕೈಯಲ್ಲಿದ್ದ ಪುಸ್ತಕ ಬಿಡಿಸಿ, ಒಂದು ಚಿತ್ರದ ಮೇಲೆ ಬೆರಳಿಟ್ಟು, ಇದು ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಗೋಡೆಗೆ ಸೇರಿಸಿ ಕಟ್ಟಿದ, ಸುಲ್ತಾನರ ಕಾಲದ ಒಂದು ನೀರಿನ ಕಟ್ಟೆ. ನಾನು ಅದನ್ನು ನೋಡಿದ ನೆನಪಿರಲಿಲ್ಲ.

ಗೊತ್ತಿಲ್ಲ ಅನ್ನಬಹುದಿತ್ತು. ಆದರೆ ದಾರಿ ಕೇಳಿದವರಿಗೆ ಹಾಗೆ ಹೇಳುವುದು ನಮ್ಮಲ್ಲಿ ಮುಖದ ಮೇಲೆ ಬಾಗಿಲು ಹಾಕಿದಷ್ಟೇ ಕೆಟ್ಟದ್ದು. ಕೈ ತಾನಾಗಿಯೇ ಎದ್ದಿತು. ಮೇಲಕ್ಕೆ, ಚೌಕದ ಕಡೆಗೆ. ಪುರಸಭೆಯ ಸಂಜೆ ತರಗತಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ನೇರ ಹೋಗಿ, ನೇರ, ಎಂದೆ. ಎರಡು ಸಲ ಹೇಳಿದೆ, ಖಂಡಿತ ಗೊತ್ತಿರುವವನ ಹಾಗೆ.

ಆತ ನಕ್ಷೆ ನೋಡಿ ಓಣಿಯ ಕೆಳಗಡೆಗೆ ಬೆರಳು ಮಾಡಿದ. ಇಬ್ಬರೂ ತಮ್ಮ ಭಾಷೆಯಲ್ಲಿ ಏನೋ ವಾದ ಮಾಡಿಕೊಂಡರು. ಕೊನೆಗೆ ಆಕೆ ಅವನ ತೋಳು ಹಿಡಿದು ಮೇಲಕ್ಕೆ ಎಳೆದಳು. ಹೋಗುವ ಮುನ್ನ ನನ್ನ ಕಡೆ ತಿರುಗಿ, ನಮ್ಮವರ ಹಾಗೆಯೇ ಎದೆಯ ಮೇಲೆ ಕೈಯಿಟ್ಟು ವಂದಿಸಿದಳು.

ಚಹಾ ತಂದ ಪಕ್ಕದಂಗಡಿಯ ದುರ್ಮುಷ್ ಇದನ್ನೆಲ್ಲ ನೋಡುತ್ತ ನಿಂತಿದ್ದ. ಅವರು ಕೇಳಿದ್ದೇನೆಂದು ಹೇಳಿದೆ.

"ಅದು ಮೀನಂಗಡಿ ಹಿಂದೆ ಇರೋದಲ್ವಾ ಉಸ್ತಾದ್? ದಿನಾ ಬೆಳಿಗ್ಗೆ ಅದರ ಮುಂದೇನೇ ನಡ್ಕೊಂಡು ಬರ್ತೀಯ. ನಿನಗೇ ಒಬ್ಬ ಗೈಡ್ ಬೇಕು ಕಣಣ್ಣ."

ಮೀನಂಗಡಿ ಓಣಿಯ ಕೆಳಗಿದೆ. ನಾನು ಎದ್ದು ಬಾಗಿಲಿಗೆ ಬಂದೆ. ತಿರುವಿನ ಬಳಿ ಹಸಿರು ಟೋಪಿ ಇನ್ನೂ ಕಾಣುತ್ತಿತ್ತು. ಕೂಗಿದ್ದರೆ ಕೇಳುತ್ತಿತ್ತು. ಅಷ್ಟರಲ್ಲಿ ಒಬ್ಬ ಚಕ್ರ ಮುರಿದ ಸೂಟ್‌ಕೇಸ್ ತಂದು ಮೇಜಿನ ಮೇಲಿಟ್ಟ. ಮೇಲೆ ಹೋದರೂ ನೋಡುವುದಕ್ಕೆ ಬೇಕಾದಷ್ಟಿದೆ ಬಿಡು ಎಂದ ದುರ್ಮುಷ್. ನಾನು ಕೂತೆ. ತಪ್ಪಾಯಿತೆಂದು ಕೂಗಿ ಹೇಳುವುದಕ್ಕೆ ನಾಚಿಕೆಯೂ ಆಗಿತ್ತು. ಅದನ್ನೂ ಇಲ್ಲಿ ಹೇಳಿಬಿಡಬೇಕು.

ಹತ್ತು ಗಂಟೆ ಹದಿನೆಂಟು ನಿಮಿಷಕ್ಕೆ ನೆಲ ಅದುರಿತು. ಶಬ್ದ ಆಮೇಲೆ ಬಂತೋ ಮೊದಲೇ ಬಂದಿತ್ತೋ, ಎಷ್ಟು ಯೋಚಿಸಿದರೂ ಹೇಳಲಾರೆ. ಕಪಾಟಿನ ಮೊಳೆಡಬ್ಬಿಗಳೆಲ್ಲ ಕೆಳಗೆ ಬಿದ್ದವು. ಮೇಲಿಂದ ಜನ ಓಡಿ ಬಂದರು. ಯಾರೂ ಕೂಗುತ್ತಿರಲಿಲ್ಲ, ಹೆಜ್ಜೆಯ ಸದ್ದು ಮಾತ್ರ. ಒಬ್ಬ ಹೆಂಗಸು ಒಂದೇ ಕಾಲಿಗೆ ಬೂಟು ಹಾಕಿಕೊಂಡು ನನ್ನ ಅಂಗಡಿಯೊಳಗೆ ನುಗ್ಗಿ ಮೇಜಿನ ಕೆಳಗೆ ಕೂತಳು. ಚೌಕದಲ್ಲಿ, ಕಲ್ಲುಕಂಬದ ಹತ್ತಿರ, ಒಬ್ಬ ಪ್ರವಾಸಿಗಳ ಗುಂಪಿನ ನಡುವೆ ಹೋಗಿ ನಿಂತು ಮೈಗೆ ಕಟ್ಟಿಕೊಂಡಿದ್ದ ಬಾಂಬ್ ಸಿಡಿಸಿದ ಎಂದು ಯಾರೋ ಹೇಳಿದರು.

ನಾನು ಲೆಕ್ಕ ಹಾಕಿದೆ. ವಯಸ್ಸಾದವರ ನಡಿಗೆ, ಏರು ದಾರಿ. ಸರಿಯಾಗಿ ಅಲ್ಲಿಗೇ ಬಂತು.

ಚೌಕಕ್ಕೆ ಹೋದೆ. ಪೊಲೀಸರು ಹಗ್ಗ ಕಟ್ಟಿದ್ದರು. ನಾನೇ ಇಬ್ಬರನ್ನು ಕಳಿಸಿದ್ದೆ, ಇಷ್ಟು ಗಂಟೆಗೆ ಕಳಿಸಿದ್ದೆ ಎಂದೆ. ಮನೆಗೆ ಹೋಗಿ ಯಜಮಾನ್ರೇ ಎಂದು ಒಬ್ಬ ಹುಡುಗ ಪೊಲೀಸ್ ನನ್ನನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ. ಆಸ್ಪತ್ರೆಗಳಿಗೆ ಹೋಗಿ ಹಸಿರು ಟೋಪಿಯ ಹೆಂಗಸು ಎಂದು ಕೇಳಿದೆ. ಮೂರನೆಯ ಆಸ್ಪತ್ರೆಯಲ್ಲಿ ಹಸಿರು ಟೋಪಿ ಕಂಡಿತು. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಆಕೆ ಕೂತಿದ್ದಳು, ಒಬ್ಬಳೇ. ಹಣೆಗೆ ಪಟ್ಟಿ ಕಟ್ಟಿತ್ತು. ಟೋಪಿ ತೊಡೆಯ ಮೇಲಿತ್ತು.

ಅವಳ ಮಾತನ್ನು ನಮ್ಮವರಿಗೆ ತಿಳಿಸಲು ಬೆಲ್ಗಿನ್ ಎಂಬ ಹುಡುಗಿ ಇದ್ದಳು. ಗೈಡ್ ಕೆಲಸದವಳು. ಜರ್ಮನ್ ಬರುತ್ತದೆಂದು ಯಾರೂ ಕರೆಯದೆ ತಾನೇ ಬಂದಿದ್ದಳು. ಅವಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಆಕೆಗೆ ತಿಳಿಸು ಮಗಳೇ ಎಂದೆ.

"ಚಿಕ್ಕಪ್ಪ, ನಿಮ್ಮ ಭಾರ ಇಳಿಸೋಕೆ ಅವರ ಹೆಗಲೇ ಬೇಕಾ? ಗಂಡ ಒಳಗಿದಾರೆ."

ಅವಳು ಹೇಳಿದ್ದು ಸರಿಯೆನಿಸಿತು. ಹೊರಡಬೇಕೆಂದು ತಿರುಗಿದೆ. ಆದರೆ ಆಕೆ ತಲೆಯೆತ್ತಿದಳು. ನನ್ನ ಗುರುತು ಹತ್ತಿತು. ಕೈ ಬೀಸಿ ಹತ್ತಿರ ಕರೆದು, ನಿಲ್ಲಿಸದೆ ಮಾತಾಡಿದಳು. ಬೆಲ್ಗಿನ್ ಕೇಳುತ್ತ ಕೇಳುತ್ತ ನನ್ನ ಕಡೆ ನೋಡುವುದನ್ನು ಬಿಟ್ಟಳು.

ಆಕೆಯ ಹೆಸರು ಇರ್ಮ್‌ಗಾರ್ಡ್, ಗಂಡ ಲೋಥಾರ್. ದಾರಿ ಕೆಳಗಿದೆ, ನಕ್ಷೆ ಹಾಗೇ ಹೇಳುತ್ತದೆ ಎಂದು ಗಂಡ ಚೌಕದವರೆಗೂ ಹೇಳುತ್ತಲೇ ಇದ್ದನಂತೆ. ನಲವತ್ತನಾಲ್ಕು ವರ್ಷದಿಂದ ನಿನಗೆ ಮನುಷ್ಯರಿಗಿಂತ ಕಾಗದದ ಮೇಲೇ ನಂಬಿಕೆ ಎಂದು ಆಕೆ ಬೈದಳಂತೆ. ಅವನು ಸಿಟ್ಟಿನಿಂದ ಹತ್ತು ಹೆಜ್ಜೆ ಮುಂದೆ ಹೋದ. ಆಗ ಆಯಿತು.

"ದಾರಿ ಸರಿಯಾಗಿತ್ತಾ ಅಂತ ಕೇಳ್ತಿದಾರೆ," ಎಂದಳು ಬೆಲ್ಗಿನ್. ಆಮೇಲೆ ದನಿ ತಗ್ಗಿಸಿ, "ಸರಿಯಾಗಿತ್ತು ಅಂದುಬಿಡಿ ಚಿಕ್ಕಪ್ಪ."

ಒಂದು ಮಾತು ಸಾಕಿತ್ತು. ಬೈದದ್ದು ನ್ಯಾಯವೇ ಆಗಿತ್ತೆಂದು ಆಕೆಗೆ ಸಮಾಧಾನವಾಗುತ್ತಿತ್ತು. ಆದರೆ ಬೆಳಿಗ್ಗೆಯೂ ನಾನು ಅವರಿಗೆ ಬೇಸರವಾಗಬಾರದೆಂದೇ ಕೈ ಎತ್ತಿದ್ದೆ.

"ಇಲ್ಲಮ್ಮ. ಆ ಜಾಗ ನಂಗೆ ಗೊತ್ತೇ ಇರ್ಲಿಲ್ಲ. ಗೊತ್ತಿರೋನ ಹಾಗೆ ತೋರಿಸ್ದೆ. ನಿಮ್ಮ ಯಜಮಾನ್ರು ಹೇಳಿದ್ದೇ ಸರಿ. ತಪ್ಪು ನಂದು, ನಿಮ್ದಲ್ಲ."

ಬೆಲ್ಗಿನ್ ತಡೆದು ತಡೆದು ಹೇಳಿದಳು. ನಾನು ಆಡಿದ್ದಕ್ಕಿಂತ ಹೆಚ್ಚು ಮಾತು ಹೇಳಿದಳೆನಿಸಿತು. ಆಕೆ ನನ್ನನ್ನು ಬಹಳ ಹೊತ್ತು ನೋಡಿದಳು. ಆ ಮುಖದಲ್ಲಿ ಸಿಟ್ಟು ಬರಲೆಂದು ಕಾದೆ. ಬರಲಿಲ್ಲ. ಮುಂದಕ್ಕೆ ಬಾಗಿ ನನ್ನ ಕೋಟಿನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿಕೊಂಡಳು.

"ಇವರ ಯಜಮಾನ್ರು ಹೊರಗೆ ಬಂದ ಮೇಲೆ ನೀವೇ ಅವರಿಗೆ ಹೇಳ್ಬೇಕಂತೆ," ಎಂದಳು ಬೆಲ್ಗಿನ್. "ಇವರು ಹೇಳಿದ್ರೆ ಅವರು ನಂಬಲ್ವಂತೆ."

ಅಷ್ಟರಲ್ಲಿ ಬೇರೆ ವಾರ್ಡಿನಿಂದ ಕರೆ ಬಂತು, ಬೆಲ್ಗಿನ್ ಓಡಿದಳು. ನಾವಿಬ್ಬರೂ ಕೂತೆವು. ಆಕೆ ತೋಳು ಬಿಟ್ಟಿರಲಿಲ್ಲ.

ಡಾಕ್ಟರು ಹೊರಗೆ ಬಂದು ಲೋಥಾರ್ ಕಡೆಯವರು ಯಾರೆಂದು ಕೇಳಿದರು. ತೋಳು ಹಿಡಿದ ಆ ಕೈ ನೋಡಿ ನನ್ನನ್ನು ಮನೆಯವನೆಂದುಕೊಂಡರೋ, ಮಾತು ತಿಳಿಯುವವನು ಇವನೊಬ್ಬನೇ ಎಂದುಕೊಂಡರೋ. ನನಗೇ ಹೇಳಿದರು.

"ಆಗ್ಲಿಲ್ಲ ಯಜಮಾನ್ರೇ. ರಕ್ತ ನಿಲ್ಲಲೇ ಇಲ್ಲ. ದೇವರು ತಾಳ್ಮೆ ಕೊಡಲಿ." ಹೇಳಿ ಮುಂದಿನ ಬಾಗಿಲಿಗೆ ನಡೆದರು. ಅಲ್ಲೂ ಜನ ಕಾಯುತ್ತಿದ್ದರು.

ಆಕೆಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಎದ್ದು ನಿಂತು ನನ್ನ ಮುಖ ನೋಡಿದಳು. ಬೆಲ್ಗಿನ್‌ಗಾಗಿ ಹಜಾರದ ಕೊನೆಯವರೆಗೆ ಕಣ್ಣಾಡಿಸಿದೆ. ಕಾಣಲಿಲ್ಲ. ಲೋಥಾರ್, ಎಂದಳು ಆಕೆ. ಕೇಳುವ ದನಿಯಲ್ಲಿ.

ನೋ, ಎಂದೆ. ಮೆತ್ತಗೆ, ಎರಡು ಸಲ.

ಆಕೆ ಕೂತಳು. ಕೋಟಿನ ತೋಳು ಇನ್ನೂ ಅವಳ ಕೈಯಲ್ಲೇ ಇತ್ತು. ನಾನೂ ಕೂತೆ.