ಈ ವರ್ಷ ಎಷ್ಟನೇ ಜಾಗ?

ಚಳಿಗಾಲ ಮುಗಿಯುವಷ್ಟರಲ್ಲಿ, ಅಮೆರಿಕದ ಸರೋವರವೊಂದರ ದಂಡೆಯ ಸಣ್ಣ ಊರು ಪೋರ್ಟ್ ಕೆನ್ಯನ್ನಿನ ಬೇಸ್‌ಬಾಲ್ ತಂಡ ಅರ್ಧಕ್ಕರ್ಧ ಖಾಲಿಯಾಗಿತ್ತು. ಎರಡನೇ, ಮೂರನೇ ಬೇಸುಗಳ ನಡುವೆ ಚೆಂಡು ತಡೆಯುವ ಶಾರ್ಟ್‌ಸ್ಟಾಪ್ ಅಲ್ಮೊಂಟೆಯನ್ನು ಮೆಕ್ಸಿಕೋದ ತಂಡವೊಂದು ಕರೆದುಕೊಂಡಿತು. ಮೊದಲ ಬೇಸ್ ಕಾಯುವವನು ಆಟ ಸಾಕೆಂದು ಮಾವನ ಜೊತೆ ನಲ್ಲಿ ರಿಪೇರಿಗೆ ಸೇರಿಕೊಂಡ. ಇದ್ದ ಇಬ್ಬರು ಒಳ್ಳೆಯ ಪಿಚರ್‌ಗಳನ್ನು ಮಾಲೀಕ ಕ್ರೇಗ್ ಬಾಲ್ಡ್ರಿಜ್ ತಾನೇ ಇನ್ನೊಂದು ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಒಬ್ಬ ಕ್ಯಾಚರ್‌ನನ್ನು ತಂದ. ತಂಡದ ಮ್ಯಾನೇಜರ್ ಲೀಲಂಡ್ ಪ್ರೂಸಾಕ್‌ಗೆ ಇದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ, ಬಾಲ್ಡ್ರಿಜ್‌ನ ಕಾರ್ಪೆಟ್ ಅಂಗಡಿಯಲ್ಲಿ, ಸುತ್ತಿ ನಿಲ್ಲಿಸಿದ ಕಾರ್ಪೆಟ್ಟುಗಳ ನಡುವೆ.

"ಇಬ್ರು ಪಿಚರ್‌ಗಳನ್ನ ಕೊಟ್ಟು ಒಬ್ಬ ಕ್ಯಾಚರಾ?" ಎಂದ ಲೀಲಂಡ್. "ಅವನೇನೋ ಹಿಡೀತಾನೆ. ಎಸೆಯೋರು ಯಾರು ಕ್ರೇಗ್?"

"ಎಸೆಯೋರು ಸಿಗ್ತಾರೆ ಬಿಡಿ. ಈ ಕ್ಯಾಚರ್ ಲೂಥರ್ ಪೆಟ್‌ವೇ ಅಂತ. ಒಳ್ಳೇ ಅನುಭವಸ್ಥ."

"ವಯಸ್ಸೆಷ್ಟು?"

"ಹೇಳಿದ್ನಲ್ಲ, ಅನುಭವಸ್ಥ ಅಂತ."

ಲೀಲಂಡ್‌ಗೇ ಅರವತ್ತು ದಾಟಿತ್ತು. ಹರೆಯದಲ್ಲಿ ಎರಡನೇ ಬೇಸಿನಲ್ಲಿ ನಿಂತವನು, ಆಮೇಲೆ ಸರೋವರದ ಆಚೀಚೆಯ ಸಣ್ಣ ಊರುಗಳ ಈ ಎಂಟು ತಂಡಗಳ ಲೀಗಿನಲ್ಲೇ ಆಟ ಕಲಿಸುತ್ತ ತಲೆ ನರೆಸಿಕೊಂಡವನು. ಎಷ್ಟೋ ಬೇಸಿಗೆಗಳನ್ನು ಬಸ್ಸಿನ ಮುಂದಿನ ಸೀಟಿನಲ್ಲೇ ಕಳೆದಿದ್ದ. ಪ್ರತಿ ವಸಂತದಲ್ಲೂ ಅರ್ಧ ತಂಡ ಹೊಸದು. ಹೆಸರು ಬಾಯಿಗೆ ಬರುವಷ್ಟರಲ್ಲಿ ಹುಡುಗರು ಎದ್ದು ಹೋಗಿರುತ್ತಿದ್ದರು. ಅಲ್ಮೊಂಟೆ ಒಬ್ಬನೇ ನಾಲ್ಕು ವರ್ಷ ನಿಂತಿದ್ದ. ಅವನು ಹೋದನೆಂದು ಕೇಳಿದಾಗ ಲೀಲಂಡ್‌ಗೆ ಸಿಟ್ಟು ಬರಲಿಲ್ಲ. ಕೂರಬೇಕು ಅನ್ನಿಸಿತು ಅಷ್ಟೆ.

ಮೇ ತಿಂಗಳಲ್ಲಿ, ಮೊದಲ ಪಂದ್ಯಕ್ಕೆ ಒಂದು ವಾರ ಮುಂಚೆ, ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಊರವರು ತಂಡಕ್ಕೆ ಊಟ ಹಾಕುವುದು ವಾಡಿಕೆ. ಸರೋವರದ ಪರ್ಚ್ ಮೀನು ಕರಿದು, ಎಲೆಕೋಸಿನ ಪಲ್ಯದ ಜೊತೆ ಕಾಗದದ ತಟ್ಟೆಯಲ್ಲಿ ಬಡಿಸುತ್ತಾರೆ. ಊಟದ ಕೊನೆಗೆ ಮ್ಯಾನೇಜರ್ ಎದ್ದು ನಿಂತು ಈ ವರ್ಷ ತಂಡ ಹೇಗೆ ಅಂತ ನಾಲ್ಕು ಮಾತು ಆಡಬೇಕು. ಲೀಲಂಡ್ ಪ್ರತಿ ವರ್ಷ ಒಂದೇ ಮಾತು ಹೇಳುತ್ತಿದ್ದ: "ಈ ಸಲ ಕಪ್ ನಮ್ದೇ." ಜನ ಮೇಜು ಕುಟ್ಟುತ್ತಿದ್ದರು. ಕಪ್ ಮಾತ್ರ ಒಂದು ಸಲವೂ ಬಂದಿರಲಿಲ್ಲ.

ಆ ಸಂಜೆ ಕಾರಿನಲ್ಲಿ ಹೋಗುವಾಗ ಹೆಂಡತಿ ರೋಸೀನ್ ಕೇಳಿದಳು, "ಈ ಸಲಾನೂ ಅದೇ ಹಳೇ ಸುಳ್ಳಾ ಲೀ?"

"ಇನ್ನೇನು ಹೇಳ್ಲಿ?"

"ಏನಾದ್ರೂ ನಿಜ ಹೇಳು ಮಾರಾಯ. ಇಷ್ಟು ವರ್ಷದಿಂದ ನಿನ್ನ ಪಕ್ಕ ಕೂತು ಚಪ್ಪಾಳೆ ತಟ್ಟಿ ನನ್ನ ಕೈಗೂ ನಾಚಿಕೆಯಾಗಿದೆ."

ಸಭಾಂಗಣ ತುಂಬಿತ್ತು. ಹೊಸ ಹುಡುಗರೆಲ್ಲ ಕಿಟಕಿ ಪಕ್ಕದ ಉದ್ದ ಮೇಜಿಗೆ ಕೂತಿದ್ದರು. ಬಾಲ್ಡ್ರಿಜ್ ಮೈಕ್ ಹಿಡಿದು ಒಬ್ಬೊಬ್ಬರ ಹೆಸರು ಕೂಗಿ, ಎದ್ದು ಕೈಬೀಸಲು ಹೇಳಿದ. ಅಲ್ಮೊಂಟೆಯ ಜಾಗಕ್ಕೆ ಬಂದ ವೆಸ್ ಟಾಲಿವರ್ ಇಂಡಿಯಾನಾದ ಕಡೆಯವನು, ಕಾಲೇಜು ಮುಗಿಸಿದ ಮೇಲೆ ಇದೇ ಅವನ ಮೊದಲ ತಂಡ. ಏಳುವಾಗ ಕುರ್ಚಿ ಬೀಳಿಸಿ ಕೆಂಪಾದ. ಪೆಟ್‌ವೇ ಎದ್ದದ್ದೇ ನಿಧಾನ. ಮೇಜಿಗೆ ಎರಡೂ ಕೈ ಊರಿ, ಮಂಡಿ ನೆಟ್ಟಗಾಗುವವರೆಗೆ ನಗುತ್ತಲೇ ಇದ್ದ.

ಲೀಲಂಡ್ ಮೈಕ್ ತೆಗೆದುಕೊಳ್ಳುತ್ತಿದ್ದ ಹಾಗೆ ಮೇವಿಸ್ ಹಾಯ್ಟ್ ಎಂಬ ಮುದುಕಿ ಮುಂದಿನ ಸಾಲಿನಿಂದ ಕೂಗಿದಳು. ಪ್ರತಿ ಬೇಸಿಗೆ ತನ್ನ ಮನೆಯ ಮಹಡಿಯಲ್ಲಿ ಆಟಗಾರರನ್ನು ಇಟ್ಟುಕೊಂಡು ಅನ್ನ ಹಾಕುವವಳು ಅವಳು. ಅವಳ ಬಾಯಿಗೆ ಹೆದರದವರು ಊರಲ್ಲಿ ಇರಲಿಲ್ಲ.

"ಲೀ, ಸುತ್ತಿ ಬಳಸಿ ಹೇಳ್ಬೇಡ. ಈ ವರ್ಷ ನಮ್ಮ ಕೊಕ್ಕರೆಗಳು ಎಷ್ಟನೇ ಜಾಗ?"

ತಂಡದ ಹೆಸರು ಹೆರಾನ್ಸ್, ಕೊಕ್ಕರೆಗಳು. ಜನ ನಕ್ಕರು. ಲೀಲಂಡ್ ಒಂದು ಕ್ಷಣ ಮೈಕನ್ನೇ ನೋಡಿದ. ಹಳೆಯ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದನ್ನು ಆಡುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ.

"ಕೊನೇದು," ಎಂದ.

ಇನ್ನೂ ಜೋರಾಗಿ ನಕ್ಕರು. ತಮಾಷೆ ಎಂದುಕೊಂಡರು.

"ತಮಾಷೆ ಅಲ್ಲ. ಅಲ್ಮೊಂಟೆ ಹೋದ. ಅವನ ಜಾಗಕ್ಕೆ ಬಂದಿರೋ ಹುಡುಗನಿಗೆ ತೋಳಲ್ಲಿ ಬಲ ಇದೆ, ಕಾಲಲ್ಲಿ ಓಟ ಇಲ್ಲ. ಅವನ ಎಡಗಡೆ ಬಂದ ಚೆಂಡು ಅವನನ್ನ ದಾಟಿ ಸೀದಾ ಹಿಂದಿನ ಹುಲ್ಲಿಗೆ. ಪಿಚರ್‌ಗಳು ಅಂತ ಇರೋರು ಐದನೇ ಇನ್ನಿಂಗ್ಸ್‌ಗೆ ಭುಜ ಹಿಡ್ಕೊಂಡು ಕೂರ್ತಾರೆ. ಕ್ಯಾಚರ್ ಒಳ್ಳೆಯವನು, ಆದ್ರೆ ಮಂಡಿ ಹೋಗಿದೆ. ನೀವು ಕೇಳಿದ್ರಿ, ನಾನು ಹೇಳ್ದೆ. ಎಂಟು ತಂಡದಲ್ಲಿ ಎಂಟನೇದು."

ನಗು ನಿಂತಿತು. ಮಾತು ಮುಗಿದ ಮೇಲೆಯೇ ಲೀಲಂಡ್ ಕಿಟಕಿಯ ಕಡೆ ನೋಡಿದ್ದು. ಟಾಲಿವರ್‌ನ ಫೋರ್ಕು ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು. ಪಕ್ಕದವನು ತಲೆ ತಗ್ಗಿಸಿ ಪಲ್ಯ ಕೆದಕುತ್ತಿದ್ದ. ಬಾಲ್ಡ್ರಿಜ್ ಓಡಿಬಂದು ಮೈಕ್ ಕಿತ್ತುಕೊಂಡು, "ನಮ್ಮ ಲೀ ಇವತ್ತು ಮೀನು ಜಾಸ್ತಿ ತಿಂದಂಗಿದೆ" ಎಂದ. ಯಾರೂ ನಗಲಿಲ್ಲ.

ವಾಪಸು ಕಾರು ಹತ್ತಿದ ರೋಸೀನ್ ಬಾಗಿಲನ್ನು ಜೋರಾಗಿ ಎಳೆದುಕೊಂಡಳು.

"ನೀನೇ ತಾನೆ ನಿಜ ಹೇಳು ಅಂದಿದ್ದು," ಎಂದ ಲೀಲಂಡ್.

"ಅಂದೆ. ಆ ಮಕ್ಕಳು ಅಲ್ಲೇ ಊಟ ಮಾಡ್ತಾ ಕೂತಿರ್ತಾರೆ ಅಂತ ನಂಗೆ ನೆನಪಿರ್ಲಿಲ್ಲ. ನಿಂಗೆ ನೆನಪಿರ್ಬೇಕಿತ್ತು."

"ಸುಸ್ತಾಗಿದೆ ರೋಸೀನ್."

"ಗೊತ್ತು. ಆ ಸುಸ್ತನ್ನೆಲ್ಲ ಅವರ ತಟ್ಟೆಗೆ ಬಡಿಸಿ ಬಂದೆ ನೀನು."

ಮರುದಿನ ಬೆಳಿಗ್ಗೆ ಸರೋವರದಿಂದ ಮಂಜು ಎದ್ದು ಮೈದಾನದ ಆಚೆಯ ಬೇಲಿ ಕಾಣುತ್ತಿರಲಿಲ್ಲ. ಲೀಲಂಡ್ ಬೇಗ ಬಂದಿದ್ದ. ಅವನಿಗಿಂತ ಮೊದಲೇ ಪೆಟ್‌ವೇ ಬಂದು, ಆಟಗಾರರ ಕೋಣೆಯ ಬೆಂಚಿನ ಮೇಲೆ ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ.

"ಲೂಥರ್, ನಿನ್ನೆ ನಾನು ಹಾಗೆ ಹೇಳಬಾರದಿತ್ತು."

"ಮಂಡಿ ಹೋಗಿದೆ ಅಂದ್ರಿ. ಒಂದಾ ಎರಡಾ ಅಂತ ಹೇಳ್ಲೇ ಇಲ್ವಲ್ಲ ಕೋಚ್. ಎರಡೂ ಹೋಗಿದೆ." ಪೆಟ್‌ವೇ ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ, "ನಂದು ಬಿಡಿ. ನಾನು ಇಂಥದ್ದು ಎಷ್ಟೋ ಕೇಳಿದ್ದೀನಿ. ಆ ಹುಡುಗ ವೆಸ್ ಚೀಲ ತುಂಬ್ತಿದ್ದಾನೆ. ಹೋಗೋದಾದ್ರೆ ಈಗ್ಲೇ ಹೋಗಿ."

ಟಾಲಿವರ್ ಇದ್ದದ್ದು ಮೇವಿಸ್ ಹಾಯ್ಟಳ ಮನೆಯಲ್ಲಿ. ಬಾಗಿಲು ತೆಗೆದವಳು ಒಳಗೆ ಬಾ ಅನ್ನಲಿಲ್ಲ.

"ಕೇಳಿದ್ದು ನಂದೇ ತಪ್ಪು ಕಣೋ," ಎಂದಳು. "ಆದ್ರೆ ನಿನ್ನ ಬಾಯಿಗೇನಾಗಿತ್ತು? ಹುಡುಗ ಬೆಳಗಿಂದ ಒಂದು ತುತ್ತು ಮುಟ್ಟಿಲ್ಲ."

ಟಾಲಿವರ್ ಹೆಗಲಿಗೆ ಚೀಲ ಹಾಕಿಕೊಂಡು ಮೆಟ್ಟಿಲಿಳಿದು ಬಂದ. ಲೀಲಂಡ್‌ನನ್ನು ಕಂಡು ಬೆದರಿದವನ ಹಾಗೆ ಅಲ್ಲೇ ನಿಂತ.

"ಅಪ್ಪಂಗೆ ಫೋನ್ ಮಾಡ್ದೆ ಸರ್. ಬಂದ್ಬಿಡು ಅಂದ್ರು."

"ಬಸ್ ಸ್ಟಾಪ್‌ವರೆಗೂ ನಾನೇ ಬಿಡ್ತೀನಿ. ಕೂತ್ಕೋ."

ಕಾರಿನಲ್ಲಿ ಲೀಲಂಡ್ ಅವನನ್ನು ಹೊಗಳಲಿಲ್ಲ. ಹೊಗಳಿದರೆ ಅದೂ ಸುಳ್ಳೆಂದು ಹುಡುಗನಿಗೆ ಗೊತ್ತಾಗುತ್ತಿತ್ತು. "ಅಷ್ಟು ಜನರ ಮುಂದೆ ಹೇಳಿದ್ದು ತಪ್ಪು. ಕ್ಷಮಿಸು," ಎಂದ. ಅವನ ಬಾಯಿಂದ ಆ ಮಾತು ಸುಲಭಕ್ಕೆ ಬರುವಂಥದ್ದಲ್ಲ.

ಟಾಲಿವರ್ ಕಿಟಕಿಯಾಚೆ ನೋಡುತ್ತ ಕೇಳಿದ, "ಅಲ್ಮೊಂಟೆ ಅಷ್ಟೊಂದು ಚೆನ್ನಾಗಿ ಆಡ್ತಿದ್ನಾ?"

"ಮೊದಲ ವರ್ಷ ಇಲ್ಲ. ಅವನ ಕಾಲೂ ನಿಧಾನವೇ. ಬ್ಯಾಟು ಬೀಸೋಕೆ ಮುಂಚೆ ಬ್ಯಾಟು ಹಿಡಿದವನ ಸೊಂಟ ನೋಡಿ ಚೆಂಡು ಎತ್ತ ಬರುತ್ತೆ ಅಂತ ತಿಳ್ಕೊಳ್ತಿದ್ದ. ಅದನ್ನ ಕಲಿಯೋಕೆ ಅವನಿಗೆ ಎರಡು ಬೇಸಿಗೆ ಹಿಡೀತು."

"ನಿನ್ನೆ ಇದನ್ನ ಹೇಳ್ಬಹುದಿತ್ತು ನೀವು."

"ಹೇಳ್ಬಹುದಿತ್ತು."

ಬಸ್ಸು ತಡವಾಗಿ ಬಂತು. ಅಷ್ಟು ಹೊತ್ತೂ ಇಬ್ಬರೂ ಪಕ್ಕಪಕ್ಕ ನಿಂತಿದ್ದರು. ಇರು ಅಂದರೆ ಹುಡುಗ ಇರುತ್ತಾನೇನೋ ಎಂದು ಲೀಲಂಡ್‌ಗೆ ಒಂದೆರಡು ಸಲ ಅನ್ನಿಸಿತು. ಎಂಟನೇ ಜಾಗದ ತಂಡದಲ್ಲಿ ಇರು ಅಂತ ಯಾವ ಬಾಯಲ್ಲಿ ಹೇಳುವುದು? ಬಸ್ಸಿನ ಬಾಗಿಲು ತೆರೆದುಕೊಂಡಾಗ ಕೊನೆಗೂ ಹೇಳಿದ, "ಇದ್ರೆ ಕಲಿಸ್ತೀನಿ ವೆಸ್." ಟಾಲಿವರ್ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದ. ಯೋಚಿಸಿದ ಹಾಗೂ ಕಂಡಿತು. ಆಮೇಲೆ, "ಥ್ಯಾಂಕ್ಸ್ ಸರ್," ಎಂದು ಒಳಗೆ ಹೋಗಿಬಿಟ್ಟ. ಅವನು ಮತ್ತೆಲ್ಲಾದರೂ ಆಡಿದ ಸುದ್ದಿ ಬರಲಿಲ್ಲ.

ಲೀಲಂಡ್ ಮೈದಾನಕ್ಕೆ ಬಂದು ಉಳಿದವರನ್ನು ಹುಲ್ಲಿನ ಮೇಲೆ ಕೂರಿಸಿದ. "ವೆಸ್ ಹೋದ. ನನ್ನಿಂದ ಹೋದ," ಎಂದ. "ನಿಮ್ಮಲ್ಲಿ ಇನ್ಯಾರಾದ್ರೂ ಹೋಗೋರಿದ್ರೆ ಕಾರಲ್ಲಿ ಬಿಟ್ಟು ಬರ್ತೀನಿ. ಇರೋರಿದ್ರೆ, ನಾನು ಹೇಳಿದ ಮಾತು ಸುಳ್ಳು ಮಾಡಿ. ನಂಗೆ ಬೇಜಾರಿಲ್ಲ."

ಯಾರೂ ಏಳಲಿಲ್ಲ. "ಬಸ್ಸಲ್ಲಿ ಕೂತ್ರೆ ನನ್ನ ಮಂಡಿ ಇನ್ನೂ ನೋಯುತ್ತೆ, ಇಲ್ಲೇ ಇರ್ತೀನಿ," ಎಂದ ಪೆಟ್‌ವೇ. ಹುಡುಗರು ಆ ದಿನ ಮೊದಲ ಸಲ ನಕ್ಕರು.

ಎರಡನೇ ಬೇಸಿನವನನ್ನೇ ಶಾರ್ಟ್‌ಸ್ಟಾಪಿಗೆ ಎಳೆದು, ಇದ್ದವರಲ್ಲೇ ಹೊಂದಿಸಿಕೊಂಡು ಆಡಿದರು. ಮೊದಲ ಪಂದ್ಯಗಳನ್ನು ಸಾಲಾಗಿ ಸೋತರು. ಪರ ಊರುಗಳಲ್ಲಿ ಜನ "ಕೊಕ್ಕರೆ ಒಂಟಿಕಾಲಲ್ಲಿ ನಿದ್ದೆ ಹೊಡೀತಿದೆ, ಎಬ್ಬಿಸ್ಬೇಡ್ರೋ" ಎಂದು ಕೂಗಿದರು. ಜೂನ್‌ನಲ್ಲಿ ಏನಾಯಿತೋ, ಪಿಚರ್‌ಗಳು ಪೆಟ್‌ವೇಯ ಮಾತು ಕೇಳಲು ಶುರುಮಾಡಿದರು. ವೇಗವಾಗಿ ಎಸೆಯುವುದನ್ನು ಬಿಟ್ಟು ಅವನು ಕೈಗವಸು ಹಿಡಿದ ಜಾಗಕ್ಕೆ ಎಸೆಯತೊಡಗಿದರು. ತಂಡ ಗೆಲ್ಲತೊಡಗಿತು. ಕೆಲವು ದಿನ ಮೂರನೇ ಜಾಗದಲ್ಲಿತ್ತು. ಬಾಲ್ಡ್ರಿಜ್ ಅಂಗಡಿಯ ಕಿಟಕಿಗೆ ತಂಡದ ಫೋಟೋ ಅಂಟಿಸಿದ. ಜುಲೈ ಕೊನೆಗೆ ಪೆಟ್‌ವೇಯ ಬಲ ಮಂಡಿ ಆಟದ ನಡುವೆಯೇ ಕೈಕೊಟ್ಟಿತು; ಇಬ್ಬರು ಹೊತ್ತು ಹೊರಗೆ ತಂದರು. ಅಲ್ಲಿಂದಾಚೆ ಇಳಿಜಾರು. ಕೊನೆಗೆ ನಿಂತದ್ದು ಏಳನೇ ಜಾಗದಲ್ಲಿ.

ಕೊನೆಯ ಪಂದ್ಯ ಮುಗಿದ ಸಂಜೆ ಮೇವಿಸ್ ಹಾಯ್ಟ್ ಬೇಲಿಗೆ ಒರಗಿ ನಿಂತಿದ್ದಳು.

"ನಿನ್ನ ಮಾತು ಸುಳ್ಳಾಯ್ತಲ್ಲೋ ಲೀ."

"ಒಂದು ಜಾಗದಷ್ಟು."

"ಆ ಹುಡುಗ ಇದ್ದಿದ್ರೆ?"

ಲೀಲಂಡ್ ಬಗ್ಗಿ, ಹುಲ್ಲಿನಲ್ಲಿ ಉಳಿದಿದ್ದ ಚೆಂಡೊಂದನ್ನು ಎತ್ತಿ ಚೀಲಕ್ಕೆ ಹಾಕಿದ.

ಬಾಲ್ಡ್ರಿಜ್ ಆಗಲೇ ಮುಂದಿನ ವರ್ಷದ ಮಾತು ತೆಗೆದಿದ್ದ: ಯಾರನ್ನು ಬಿಡುವುದು, ಯಾರನ್ನು ತರುವುದು. ಲೀಲಂಡ್ ನಿಂತು ಅವನು ಹೇಳುವುದನ್ನೆಲ್ಲ ಕೇಳಿಸಿಕೊಂಡ. "ಬೇರೆ ಯಾರನ್ನಾದ್ರೂ ನೋಡ್ಕೋ ಕ್ರೇಗ್. ನನ್ನಿಂದ ಆಗಲ್ಲ," ಎಂದ. ಬಾಲ್ಡ್ರಿಜ್ ಒತ್ತಾಯ ಮಾಡಲಿಲ್ಲ. ಅದರಿಂದ ಲೀಲಂಡ್‌ಗೆ ಸ್ವಲ್ಪ ನೋವಾಯಿತು.

ಮನೆಗೆ ಬಂದು ಷೂ ಬಿಚ್ಚುತ್ತ ಬಿಟ್ಟುಬಂದೆ ಎಂದಷ್ಟೇ ಹೆಂಡತಿಗೆ ಹೇಳಿದ. ರೋಸೀನ್ ತಲೆಯಾಡಿಸಿ ಸೂಪು ಬಿಸಿಮಾಡಿ ಕೊಟ್ಟಳು. ಮರುದಿನ ಬಿಸಿಲು ಹಾಸಿಗೆಯವರೆಗೆ ಬಂದರೂ ಅವನ ಗೊರಕೆ ನಿಂತಿರಲಿಲ್ಲ. ಅವಳು ಪರದೆ ಎಳೆದು, ಸದ್ದಾಗದ ಹಾಗೆ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದಳು.