ಜೈಲಿನಲ್ಲಿ ಕಟ್ಟಿದ ದೀಪದ ಬುಟ್ಟಿ

ನಾನು ಒಂದು ಕಾಗದದ ಲ್ಯಾಂಪ್‌ಶೇಡ್. ನನ್ನನ್ನು ಕಟ್ಟಿದ ಯಮನೂರಪ್ಪ ದೀಪದ ಬುಟ್ಟಿ ಅನ್ನುತ್ತಿದ್ದ. ನನಗೂ ಆ ಹೆಸರೇ ಇಷ್ಟ. ನಾನು ಹುಟ್ಟಿದ್ದು ಜೈಲಿನ ಕೈಕೆಲಸದ ಕೋಣೆಯಲ್ಲಿ. ಹರಕು ಹತ್ತಿಬಟ್ಟೆಯನ್ನು ಕೊಳೆಸಿ, ಕುಟ್ಟಿ, ಒಣಗಿಸಿದ ಹಾಳೆಯೇ ನನ್ನ ಮೈ. ಎರಡು ಕಬ್ಬಿಣದ ಬಳೆ, ಆರು ತಂತಿ ನನ್ನ ಎಲುಬು.

ಯಮನೂರಪ್ಪ ಕೊಲೆ ಮಾಡಿ ಬಂದವನು. ಬದುವಿನ ಜಗಳದಲ್ಲಿ ದಾಯಾದಿಯ ಬಣವೆಗೆ ಬೆಂಕಿ ಇಟ್ಟಿದ್ದ. ಅದರ ಮಗ್ಗುಲಲ್ಲಿ ಮುದುಕ ಚಿಕ್ಕಪ್ಪ ಮಲಗಿದ್ದುದು ಅವನಿಗೆ ತಿಳಿದಿರಲಿಲ್ಲ; ಮುದುಕ ಸುಟ್ಟು ಸತ್ತ. ಹಾಗಾಗಿಯೋ ಏನೋ, ಬೆಂಕಿಗೆ ಅವನಷ್ಟು ಅಂಜುವವರನ್ನು ನಾನು ಕಾಣೆ. ಬೆಂಕಿ ಹತ್ತದಿರಲೆಂದು ನನ್ನ ಹಾಳೆಯನ್ನು ಪಟಿಕ, ಬೋರ್ಯಾಕ್ಸ್ ಕರಗಿಸಿದ ನೀರಿನಲ್ಲಿ ಎರಡು ಸಲ ಅದ್ದಿದ. ಬಲ್ಬಿಗೂ ಕಾಗದಕ್ಕೂ ನಡುವೆ ಅಂಗೈ ಹಿಡಿಸುವಷ್ಟು ಜಾಗ ಬಿಟ್ಟ. ಕಾವು ಹೊರಹೋಗಲೆಂದು ಮೇಲ್ಬಾಯನ್ನು ಮುಚ್ಚಲಿಲ್ಲ.

ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಕೈದಿ ಭರಮ ಇದನ್ನು ನೋಡಿ ನಕ್ಕ.

“ಏನಲೇ ಯಮನೂರ್ಯಾ, ಮಂದೀನ ಸುಟ್ಟಾಂವ ಈಗ ಕಾಗದಕ್ಕ ಮರಗತೀ?” ಎನ್ನುತ್ತ, ಸೇದುತ್ತಿದ್ದ ಬೀಡಿಯನ್ನು ನನ್ನ ಹೊಟ್ಟೆಗೆ ಒತ್ತಿದ.

ನಾನು ಕಪ್ಪಾದೆ, ಹೊತ್ತಿಕೊಳ್ಳಲಿಲ್ಲ. ಹೊತ್ತಿಕೊಂಡವನು ಯಮನೂರಪ್ಪ. ತಂತಿ ಕತ್ತರಿಸುವ ಇಕ್ಕಳ ಎತ್ತಿ ಬೀಸಿದ. ಭರಮನ ಕಿವಿ ಹರಿದು ಜೋತುಬಿತ್ತು. ಇಬ್ಬರೂ ನೆಲಕ್ಕೆ ಉರುಳಿದರು. ಚೆಲ್ಲಿದ ಮೈದಾ ಅಂಟಿನಲ್ಲಿ ರಕ್ತ ಬೆರೆಯಿತು.

ವಾರ್ಡರ್ ಸಂಗನಗೌಡ ಓಡಿಬಂದ. ಯಾರು, ಯಾಕೆ ಎಂದು ಕೇಳಲಿಲ್ಲ. ಯಮನೂರಪ್ಪನ ಬಲಗೈಯ ಮಣಿಕಟ್ಟನ್ನು ಬೂಟಿನಡಿ ಒತ್ತಿಹಿಡಿದು ಬೆರಳುಗಳ ಮೇಲೆ ಲಾಠಿ ಬಾರಿಸಿದ.

“ಇದ ಕೈ ಅಲ್ಲೇನಲೇ ಎತ್ತಿದ್ದು?”

ಹೊಡೆದ, ಮತ್ತೆ ಹೊಡೆದ. ಯಮನೂರಪ್ಪ ಹಲ್ಲು ಕಚ್ಚಿಕೊಂಡಿದ್ದ. ಚೀರಿದವನು ಭರಮ. “ಸಾಕ್ರೀ ಸಾಹೇಬ್ರ! ತಪ್ಪು ನಂದೈತ್ರೀ!”

ತಿಂಗಳ ಮೇಲೆ ಯಮನೂರಪ್ಪ ಕೆಲಸಕ್ಕೆ ಮರಳಿದ. ಬಲಗೈಯ ಬೆರಳುಗಳು ಮಡಚಿಕೊಂಡೇ ಉಳಿದಿದ್ದವು. ಒಂದೇ ಕೈಯಲ್ಲಿ ಹಾಳೆ ಎಳೆದು ಅಂಟಿಸಲಾಗದೆ ಒದ್ದಾಡುತ್ತಿದ್ದಾಗ ಭರಮ ಬಂದು ಎದುರು ಕೂತ. ನನ್ನ ಬಳೆ ಹಿಡಿದ.

ಯಮನೂರಪ್ಪ ಅಂದ: “ಬಿಗಿಯಾಗಿ ಎಳಿ. ಸುಕ್ಕು ಬಿದ್ರ ಹರೀತೈತಿ.”

ಸುಟ್ಟ ಹಾಳೆ ಕಿತ್ತು ಹೊಸದು ಹಾಕಿದರು. ಹೀಗೆ ಮೂರು ಕೈ ಸೇರಿ ನನ್ನನ್ನು ಮುಗಿಸಿದವು. ಅಂಟು ಆರಿದ ಮರುದಿನವೇ ಸಂಗನಗೌಡ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದ.

“ಎಷ್ಟ್ ಚಂದ ಐತ್ರೀ! ಯಾರ್ ಮಾಡ್ಯಾರ?” ಎಂದಳು ಅವನ ಹೆಂಡತಿ ನೀಲವ್ವ.

“ಯಾವನೋ ಕೊಲೆಗಡುಕ,” ಅಂದ ಅವನು.

ಪಡಸಾಲೆಯ ನಡುವೆ ತೂಗಿಬಿದ್ದ ಮೇಲೆ ನನಗೆ ತಿಳಿಯಿತು, ಆ ಲಾಠಿಗೆ ಮನೆಯಲ್ಲೂ ಬಿಡುವಿಲ್ಲ. ಅಂಗಿಯ ಗುಂಡಿ ಕಿತ್ತಿದ್ದರೆ ಹೊಡೆತ. ಹೇಳದೆ ಅಕ್ಕನ ಮನೆಗೆ ಹೋಗಿ ಬಂದರೆ ಹೊಡೆತ. ನೀಲವ್ವ ಬಾಯಿಗೆ ಸೆರಗು ತುರುಕಿಕೊಂಡು ಪೆಟ್ಟು ತಿನ್ನುತ್ತಿದ್ದಳು.

ಒಂದು ಸಂಜೆ ಅವನು ಬೀಸಿದ ಪೆಟ್ಟು ತಪ್ಪಿ ನನಗೆ ಬಡಿಯಿತು. ಎರಡು ತಂತಿ ಬಾಗಿದವು, ಬಲ್ಬು ಒಡೆದು ಗಾಜಿನ ಚೂರು ನೀಲವ್ವನ ಹಣೆಗೆ ನಾಟಿತು. ಕತ್ತಲಲ್ಲಿ ಅವಳು ಎರಡೂ ಕೈಯಿಂದ ಲಾಠಿ ಹಿಡಿದು ಜಗ್ಗಿ ಕಿತ್ತುಕೊಂಡಳು. ನೇರ ಅಡುಗೆಮನೆಗೆ ಹೋಗಿ ಉರಿಯುವ ಒಲೆಗೆ ಅದರ ತುದಿ ಚುಚ್ಚಿದಳು. ವರ್ಷಗಟ್ಟಲೆ ಎಣ್ಣೆ ಕುಡಿದ ಬಿದಿರು ಭಗ್ಗೆಂದಿತು. ಉರಿಯುವ ತುದಿ ಮುಂದಿಟ್ಟುಕೊಂಡು ಅವಳು ಪಡಸಾಲೆಗೆ ಬಂದಳು. ಹಣೆಯ ರಕ್ತ ಕಣ್ಣಿಗಿಳಿಯುತ್ತಿತ್ತು.

“ಬರ್ರೀ. ಈಗ ಹೊಡೀರಿ.”

ಅವನು ಕೈ ಚಾಚಿದ. ಅವಳು ಚುಚ್ಚಿದಳು. ಖಾಕಿ ತೋಳು ಹೊತ್ತಿಕೊಂಡಿತು. ಬಡಿದು ಬಡಿದು ಆರಿಸಿಕೊಳ್ಳುತ್ತ, ಊಳಿಡುತ್ತ ಅಂಗಳಕ್ಕೆ ಓಡಿದ. ಅವಳು ಒಳಗಿನಿಂದ ಅಗುಳಿ ಹಾಕಿದಳು.

ಆಮೇಲೆ ಆ ಮನೆಯಲ್ಲಿ ಅವನ ಕೈ ಮೇಲೇಳಲಿಲ್ಲ. ಜೈಲಿನಲ್ಲಿ ಏನು ಮಾಡುತ್ತಿದ್ದನೋ, ನನಗೆ ಗೊತ್ತಿಲ್ಲ.

ಸಂಗನಗೌಡ ತೀರಿಕೊಂಡು ಬಹಳ ಕಾಲವಾಯಿತು. ಪಡಸಾಲೆಗೆ ಈಗ ಟ್ಯೂಬ್‌ಲೈಟು ಬಂದಿದೆ. ನೀಲವ್ವ ನನ್ನನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದಾಳೆ. ಹೊಡೆದವನ ಮುಖಕ್ಕೂ ಹೊಡೆಸಿಕೊಂಡವಳ ಮುಖಕ್ಕೂ ಒಂದೇ ಬೆಳಕು ಚೆಲ್ಲಿದೆ ನಾನು. ಆ ಎರಡು ಮುಖಗಳನ್ನು ಬೇರೆ ಮಾಡಿ ಬೆಳಗಲು ನನಗೆ ಬರುತ್ತಿರಲಿಲ್ಲ. ಅದಕ್ಕೇ ಈ ಅಟ್ಟದ ಕತ್ತಲು ನನಗೆ ಹಿತವಾಗಿದೆ.