ನಮ್ಮ ಮಾವನ ಕೆಮ್ಮು

ನಮ್ಮ ಮಾವನಿಗೆ ದೇವರು ಬಾಯಿ ಕೊಟ್ಟಿದ್ದು ಊಟಕ್ಕೆ ಮಾತ್ರ, ಮಾತಾಡುವುದಕ್ಕೆ ಕೆಮ್ಮು ಕೊಟ್ಟಿದ್ದಾನೆ. ಸೊಸೆಯಾಗಿ ಬಂದ ಹೊಸದರಲ್ಲೇ ನಾನು ಆ ಭಾಷೆ ಕಲಿಯಬೇಕಾಯಿತು. ಗಂಟಲು ಸರಿಮಾಡಿಕೊಂಡಂಥ ಸಣ್ಣ ಕೆಮ್ಮೆಂದರೆ ಕಾಫಿ ಬೇಕು ಅಂತ. ಎಳೆದು ಕೆಮ್ಮಿದರೆ ಟಿ.ವಿ. ಸದ್ದು ಜಾಸ್ತಿಯಾಯಿತು ಅಂತ. ನಾನು ಅಮ್ಮನ ಜೊತೆ ಫೋನಿನಲ್ಲಿ ಹರಟುತ್ತಿದ್ದರೆ ಒಂದು ಒಣ ಕೆಮ್ಮು ಬರುತ್ತದೆ, ಅದಕ್ಕೆ ಅರ್ಥ ಹೇಳಬೇಕಾಗಿಲ್ಲ. ಅವರು ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಗಟ್ಟಿಯಾಗಿ ಕೆಮ್ಮುತ್ತಿದ್ದರಂತೆ. ಅದನ್ನು ಕೇಳಿದ್ದೇ ತಡ, ಅಂಗಡಿಯವರು ಕಳ್ಳ ತೂಕದ ಬಟ್ಟುಗಳನ್ನು ಚೀಲದ ಕೆಳಗೆ ತಳ್ಳುತ್ತಿದ್ದರಂತೆ. ಹಾಗಾಗಿ ಇಡೀ ಸೇವೆಯಲ್ಲಿ ಒಬ್ಬನೇ ಒಬ್ಬ ಮೋಸಗಾರನೂ ಅವರ ಕೈಗೆ ಸಿಗಲಿಲ್ಲ. ತಮ್ಮ ಕಾಲದಲ್ಲಿ ವ್ಯಾಪಾರಿಗಳೆಲ್ಲ ಸತ್ಯವಂತರಾಗಿದ್ದರು ಎಂದು ಮಾವ ಈಗಲೂ ನಂಬಿದ್ದಾರೆ.

ನನ್ನದು ಕಟ್ಟಿಸಿಕೊಳ್ಳುವ ಹಲ್ಲುಗಳನ್ನು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಮಾವನ ಬಾಯಲ್ಲಿರುವ ಸೆಟ್ಟೂ ನನ್ನ ಕೈಯದೇ. ನಾನು ಉಜ್ಜಿ ಉಜ್ಜಿ ಹೊಳಪು ಕೊಟ್ಟ ಹಲ್ಲುಗಳನ್ನೇ ಅವರು ನನ್ನ ಮೇಲೆ ಮಸೆಯುತ್ತಾರೆ, ಆಯಿತಾ!

ಮಸೆಯಲು ಹೊಸ ಕಾರಣವೊಂದನ್ನೂ ನಾನೇ ಒದಗಿಸಿದೆ. ಲ್ಯಾಬಿನ ಹಿತ್ತಲಲ್ಲಿ, ಅಚ್ಚು ತೆಗೆಯುವ ಪ್ಲಾಸ್ಟರಿನ ಖಾಲಿ ಚೀಲದೊಳಗೆ ಒಂದು ಬೂದುಬಣ್ಣದ ಬೆಕ್ಕಿನಮರಿ ಸಿಕ್ಕಿತು. ಮನಸ್ಸು ತಡೆಯದೆ ಮನೆಗೆ ತಂದೆ.

"ಈ ಶನೀನ ಯಾಕೆ ತಂದೆ?" ಎಂದರು ಮಾವ. ಕೆಮ್ಮದೆ ನೇರವಾಗಿ ಕೇಳಿದ್ದರಿಂದ ವಿಷಯ ಗಂಭೀರವಾಗಿದೆ ಎಂದು ತಿಳಿಯಿತು.

"ಇರಲಿ ಬಿಡಿ ಮಾವ, ನಿಮಗೇನು ತೊಂದ್ರೆ ಕೊಡುತ್ತೆ?" ಎಂದೆ.

ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಥ ಎಂಜಿನ್ನನ್ನಾದರೂ ಬಿಚ್ಚಿ ಜೋಡಿಸುತ್ತಾನೆ, ಮನೆಯಲ್ಲಿ ಮಾತ್ರ ಒಂದು ನಟ್ಟನ್ನೂ ಮುಟ್ಟುವುದಿಲ್ಲ. "ಅಪ್ಪ ಹೇಳೋದೂ ಸರಿ, ನೀನು ಹೇಳೋದೂ ಸರಿ," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಸ್ನಾನಕ್ಕೆ ಹೋದ.

ಬೆಕ್ಕು ಬೆಳೆಯಿತು, ಅದರ ಜೊತೆಗೆ ಕೆಮ್ಮೂ ಬೆಳೆಯಿತು. ಕಾಫಿ ಕೊಟ್ಟರೂ ಕೆಮ್ಮು, ಟಿ.ವಿ. ಆರಿಸಿದರೂ ಕೆಮ್ಮು. ಬೆಳಗ್ಗೆ ಎದ್ದರೆ ಸಾಲಾಗಿ ಸೀನು, ಕೆಂಪು ಕಣ್ಣು, ಸೊರಸೊರ ಎನ್ನುವ ಮೂಗು. ಬೆಕ್ಕನ್ನು ಹೊರಗೆ ಹಾಕಿಸಲು ಇದೆಲ್ಲ ಮಾವ ಹೂಡಿರುವ ಆಟ ಎಂದು ನನಗೆ ಖಾತ್ರಿಯಾಗಿತ್ತು. ನಾನೂ ಬಿಟ್ಟುಕೊಡುವವಳಲ್ಲ. ಅವರು ಕೆಮ್ಮಿದಾಗ ಅಡುಗೆಮನೆಯ ಬಾಗಿಲು ಮುಚ್ಚಿ ಪಾತ್ರೆಗಳನ್ನು ಎರಡು ಪಟ್ಟು ಸದ್ದು ಮಾಡಿ ತೊಳೆಯುತ್ತಿದ್ದೆ. ಗಂಡ ರೇಡಿಯೋ ಜೋರು ಮಾಡುತ್ತಿದ್ದ.

ಒಂದು ಭಾನುವಾರ ಬೆಳಗ್ಗೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಬಂದದ್ದೇ ಗೊತ್ತಾಗಲಿಲ್ಲ, ಏಕೆಂದರೆ ಕೆಮ್ಮಿರಲಿಲ್ಲ. ಚೌಕಟ್ಟು ಹಿಡಿದುಕೊಂಡಿದ್ದರು, ಭುಜಗಳು ಮೇಲೆ ಕೆಳಗೆ ಆಡುತ್ತಿದ್ದವು, ಎದೆಯೊಳಗಿಂದ ಸಣ್ಣಗೆ ಸಿಳ್ಳೆಯಂಥ ಸದ್ದು. ಬಾಯಿ ತೆರೆದರೂ ಮಾತು ಹೊರಡಲಿಲ್ಲ.

"ಕೆಮ್ಮಿ ಮಾವ! ಒಂದ್ಸಲ ಕೆಮ್ಮಿ!" ಎಂದು ಕಿರುಚಿದೆ. ಜನ್ಮದಲ್ಲಿ ಆ ಮಾತು ನನ್ನ ಬಾಯಿಂದ ಬಂದೀತು ಅಂತ ಅಂದುಕೊಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಮೂಗು ಬಾಯಿ ಮುಚ್ಚುವಂತೆ ಮಾಸ್ಕ್ ಹಾಕಿ ಔಷಧಿಯ ಹಬೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಸಿಳ್ಳೆ ಇಳಿಯಿತು. ಡಾಕ್ಟರಮ್ಮ ಬಂದು, "ಸಿಗರೇಟು ಸೇದ್ತೀರಾ? ಧೂಳಲ್ಲಿ ಓಡಾಡ್ತೀರಾ? ಮನೇಲಿ ನಾಯಿ, ಬೆಕ್ಕು ಏನಾದ್ರೂ ಇದೆಯಾ?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಮಾಸ್ಕ್ ಎತ್ತಿ, "ಇಲ್ಲ," ಎಂದರು.

ನಾನು ಬೆಪ್ಪಾದೆ. ಬೆಕ್ಕನ್ನು ಓಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಅವರಿಗೆ ಸಿಗುವುದುಂಟೇ?

ಡಾಕ್ಟರಮ್ಮ ಮಾವನ ಅಂಗಿಯ ಭುಜದಿಂದ ಒಂದು ಬೂದು ಎಳೆಯನ್ನು ಎತ್ತಿ ಹಿಡಿದರು. "ಹಾಗಾದ್ರೆ ಇದು ಯಾರ ಕೂದಲು?"

ಮಾವನ ತಲೆ ನುಣ್ಣಗೆ ಬೋಳು. ಅವರು ನನ್ನ ಕಡೆ ನೋಡಿ, "ಸೊಸೇದಿರ್ಬೇಕು," ಎಂದರು. ಮಸಿಯಂಥ ಕಪ್ಪು ಜಡೆ ಹೊತ್ತುಕೊಂಡು ನಾನು ಅಲ್ಲೇ ನಿಂತಿದ್ದೆ!

ನಾನು ನಿಜ ಹೇಳಿಬಿಟ್ಟೆ. ಡಾಕ್ಟರಮ್ಮ ಬಿಡಿಸಿ ಹೇಳಿದರು. ತೊಂದರೆ ಬರೀ ರೋಮದ್ದಲ್ಲವಂತೆ. ಬೆಕ್ಕಿನ ಎಂಜಲು, ಚರ್ಮದಿಂದ ಉದುರುವ ಕಣ್ಣಿಗೆ ಕಾಣದ ಹೊಟ್ಟು, ಅದು ಉಸಿರಿನ ಜೊತೆ ಒಳಗೆ ಹೋಗಿ ಎದೆ ಕಟ್ಟಿಸುತ್ತದಂತೆ. ಇಷ್ಟು ವಯಸ್ಸಾದ ಮೇಲೂ ಈ ಅಲರ್ಜಿ ಹೊಸದಾಗಿ ಶುರುವಾಗಬಹುದಂತೆ. ಬೆಕ್ಕನ್ನು ಕಳಿಸಿದರೂ ಹಾಸಿಗೆ, ಪರದೆ, ಸೋಫಾದಲ್ಲಿ ಆ ಹೊಟ್ಟು ತಿಂಗಳುಗಟ್ಟಲೆ ಉಳಿಯುತ್ತದಂತೆ. "ಎಲ್ಲ ಒಗೆದು ಹಾಕಿ, ಇನ್‌ಹೇಲರ್ ತಪ್ಪಿಸ್ಬೇಡಿ. ಬೆಕ್ಕಿಗೆ ಬೇರೆ ಮನೆ ನೋಡಿ. ಮುಂದಿನ ಸಲ ಇಲ್ಲಿಗೆ ಬಂದು ತಲುಪೋಷ್ಟು ಉಸಿರು ಉಳಿಯುತ್ತೆ ಅಂತ ನಾನು ಹೇಳಲಾರೆ," ಎಂದರು.

ಮನೆಗೆ ಬಂದು ಒಗೆಯಲೆಂದು ಮಾವನ ಹಾಸಿಗೆ ಎಳೆದೆ. ರೋಮಗಳು ಎದೆಯ ಜಾಗದಲ್ಲೇ ಗುಂಡಗೆ ಮೆತ್ತಿಕೊಂಡು ಹೊದಿಕೆಯ ಬಣ್ಣವೇ ಬದಲಾಗಿತ್ತು. ಮಂಚದ ಕೆಳಗೆ ಹಾಲಿನ ಕೆನೆ ಒಣಗಿದ ತಟ್ಟೆ. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಶನಿ ಇಲ್ಲಿ ಮಹಾರಾಣಿಯಾಗುತ್ತಿತ್ತು ಅಂತಾಯಿತು.

ಲ್ಯಾಬಿನ ಯಜಮಾನಿ ಬೆಕ್ಕನ್ನು ಸಾಕಿಕೊಳ್ಳುತ್ತೇನೆಂದರು. ಮರುದಿನ ಬೆಳಗ್ಗೆ ಬುಟ್ಟಿ ಹಿಡಿದು ಅದರ ಹಿಂದೆ ಓಡಾಡಿದೆ. ಪರಚಿತೇ ಹೊರತು ಬುಟ್ಟಿಗೆ ಇಳಿಯಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮಾವ ನೋಡುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ.

"ಅಲ್ಲ ಮಾವ, ಇಷ್ಟು ಮುದ್ದಿದ್ರೆ ಶನಿ ಅಂತ ಯಾಕೆ ಬೈತಿದ್ರಿ? ಉಸಿರು ಹೋಗ್ತಾ ಇದ್ರೂ ಡಾಕ್ಟರಿಗೆ ಸುಳ್ಳು ಹೇಳ್ತೀರಲ್ಲ, ಅದರಲ್ಲಿ ಅಂಥದ್ದೇನಿದೆ?"

ಮಾವ ಖಾಲಿ ಬುಟ್ಟಿಯ ಕಡೆ ನೋಡಿದರು. ಆಮೇಲೆ, "ನಾನು ಕೆಮ್ಮಿದ್ರೆ ನೀವಿಬ್ರೂ ಬಾಗಿಲು ಹಾಕ್ಕೊಳ್ತೀರಿ ಕಣಮ್ಮ," ಎಂದರು. "ಅದು ಎಲ್ಲಿದ್ರೂ ಎದ್ದು ಬರುತ್ತೆ."

ಮಾತಿಗೆ ಮಾತು ಕೊಡುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ಬೀದಿಯಲ್ಲಿಲ್ಲ. ಆ ಹೊತ್ತು ಬುಟ್ಟಿಯನ್ನು ಅವರ ಮುಂದಿಟ್ಟು ಹಿಂದೆ ಸರಿದೆ. ನಾಚಿಕೆಯಾಯಿತು. ಮಾವ ಟವೆಲನ್ನು ಮೂಗಿಗೆ ಕಟ್ಟಿಕೊಂಡು ಎದ್ದರು. ಬೆಕ್ಕು ತಾನಾಗಿ ಅವರ ಕೈಗೆ ಬಂತು. ಬುಟ್ಟಿಯಲ್ಲಿ ಕೂರಿಸಿ, ಮುಚ್ಚಳ ಹಾಕಿ, ಅದನ್ನು ನನ್ನ ಕಡೆ ತಳ್ಳಿದರು.

"ಬಿಟ್ಟು ಬಾ ಹೋಗು," ಎಂದು ಮುಖ ತಿರುಗಿಸಿದರು. "ಕೈ ಸೋಪು ಹಾಕಿ ತೊಳ್ಕೋ."

ಬೆಕ್ಕನ್ನು ಯಜಮಾನಿಗೆ ಒಪ್ಪಿಸಿ ಕೆಲಸಕ್ಕೆ ಕೂತೆ. ಯಾರದೋ ಕೆಳದವಡೆಯ ಹಲ್ಲು ಅರ್ಧ ಕೂರಿಸಿದ್ದೆ. ಮನಸ್ಸು ನಿಲ್ಲಲಿಲ್ಲ. ಮಿಕ್ಕ ದಿನಕ್ಕೆ ರಜೆ ಕೇಳಿಕೊಂಡು ಮನೆಗೆ ಬಂದೆ. ಹಿತ್ತಲಿನಿಂದಲೇ ಒಳಗೆ ಹೋಗಿ, ತಲೆಗೆ ನೀರು ಹಾಕಿಕೊಂಡು, ಉಟ್ಟ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಸಿದೆ. ಒಳಗಿನ ಕೋಣೆಯಿಂದ ಕೆಮ್ಮು ಕೇಳಿಸಿತು. ಕಾಫಿಯ ಕೆಮ್ಮಲ್ಲ, ಟಿ.ವಿ.ಯದೂ ಅಲ್ಲ, ರೋಗದ್ದೂ ಅಲ್ಲ. ಒದ್ದೆ ತಲೆಯಲ್ಲೇ ಓಡಿದೆ.

"ಏನು ಬೇಕು ಮಾವ?"

ಅವರು ಬೆಚ್ಚಿದರು. ಈ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲ ತಾನೆ? ನನ್ನನ್ನು ಮೇಲಿಂದ ಕೆಳಗೆ ನೋಡಿ, ಗೋಡೆಯ ಕಡೆ ಸರಿದು ಮಂಚದ ಅಂಚಿನಲ್ಲಿ ಜಾಗ ಮಾಡಿದರು.

"ಏನೂ ಬೇಡ," ಎಂದರು. "ಕೂತ್ಕೋ."